ಹೊಳೆ ಈಚೆಗೆ ತಡವಾಗಿ ಬಂದ ಕಾನೂನು

ರೋಗ ಹಬ್ಬಿಸೋದು ಅಪರಾಧ ಅನ್ನೋ ಕಾನೂನು ನಮ್ಮ ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಗೆ ಬಂದದ್ದು ಬಹಳ ಸುತ್ತು ದಾರಿಯಲ್ಲಿ.

1853ರಲ್ಲಿ ನಿಜಾಮರು ಸೇನೆಯ ಖರ್ಚಿಗಾಗಿ ರಾಯಚೂರು ದೋಆಬನ್ನು ಬ್ರಿಟಿಷರಿಗೆ ಬಿಟ್ಟುಕೊಟ್ಟಿದ್ದರು. 1860ರಲ್ಲಿ ಅದು ವಾಪಸ್ ಬಂತು. ಅದೇ ವರ್ಷ ಭಾರತೀಯ ದಂಡ ಸಂಹಿತೆ ಅಂಗೀಕಾರವಾಯ್ತು, 1862ರಲ್ಲಿ ಜಾರಿಯಾಯ್ತು. ಹೀಗಾಗಿ ತುಂಗಭದ್ರೆಯ ಆಚೆ, ಮದ್ರಾಸ್ ಪ್ರಾಂತ್ಯದ ಸಿರುಗುಪ್ಪಕ್ಕೆ ಒಂದು ಕಾನೂನು. ಈಚೆ ಸಿಂಧನೂರಿಗೆ ನಿಜಾಮರ ಕಾನೂನು. ರೋಗಕ್ಕೇನು, ಹೊಳೆ ದಾಟೋಕೆ ಯಾರ ಅಪ್ಪಣೆ ಬೇಕು?

ದಂಡ ಸಂಹಿತೆ ನಮ್ಮಲ್ಲಿಗೆ ಬಂದದ್ದು 1951ರಲ್ಲಿ. ಇನ್ನು ಮುಂಬೈ ಪ್ಲೇಗಿನ ಗಾಬರಿಯಲ್ಲಿ ಮಾಡಿದ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ? ಹಳೆಯ 'ಬಿ' ಭಾಗದ ರಾಜ್ಯಗಳಿಗೆ, ಅಂದ್ರೆ ಹೈದರಾಬಾದಿಗೂ, ಇದು ಅನ್ವಯಿಸೋದಿಲ್ಲ ಅಂತ ಆ ಕಾಯ್ದೆಯಲ್ಲೇ ಒಂದು ಸಾಲಿತ್ತು. ಆ ಸಾಲನ್ನು ತೆಗೆದದ್ದು 2020ರ ಏಪ್ರಿಲ್ 22ರ ಸುಗ್ರೀವಾಜ್ಞೆ, ಲಾಕ್‌ಡೌನ್ ಶುರುವಾಗಿ ತಿಂಗಳಾಗ್ತಾ ಬಂದಾಗ!

ದಂಡ ಸಂಹಿತೆಯ 269ನೇ ಕಲಂ ಏನು ಹೇಳುತ್ತಿತ್ತು ನೋಡಿ. ಪ್ರಾಣಕ್ಕೆ ಅಪಾಯವಾದ ರೋಗ ಹರಡಬಹುದು ಅಂತ ಗೊತ್ತಿದ್ದೂ ಅಲಕ್ಷ್ಯದಿಂದ ನಡೆದುಕೊಂಡರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ರೋಗ ಯಾರಿಗಾದರೂ ತಗಲಿತು ಅಂತ ಸಾಬೀತಾಗಬೇಕಿಲ್ಲ, ಹರಡುವ ಸಾಧ್ಯತೆ ಸಾಕು. ಅಲಕ್ಷ್ಯ ಯಾವುದು? ಗುಳೆ ಹೋದ ಕೂಲಿಯವನು ಕೆಲಸ ನಿಂತು, ಬಾಡಿಗೆ ಕಟ್ಟಲಾಗದೆ ಊರಿಗೆ ನಡೆದು ಬಂದರೆ ಅದು ಅಲಕ್ಷ್ಯವೇ? ಕಲಂ ಅದನ್ನು ಬಿಡಿಸಿ ಹೇಳೋದಿಲ್ಲ, ಪೊಲೀಸರ ವಿವೇಚನೆಗೆ ಬಿಡುತ್ತೆ. ನನ್ನ ತಕರಾರು ಇರೋದು ಇಲ್ಲೇ.

ಯಾಕಂದ್ರೆ ಮರುವರ್ಷ, 2021ರ ಏಪ್ರಿಲ್ 17ರಂದು, ಎರಡನೇ ಅಲೆ ಏರುತ್ತಿದ್ದಾಗಲೇ ಮಸ್ಕಿಯಲ್ಲಿ ಉಪಚುನಾವಣೆ ನಡೀತು. ಅದಕ್ಕೂ ಮೊದಲು ಸಭೆ, ಮೆರವಣಿಗೆ ಎಲ್ಲಾ ಆಗಿದ್ದವು. ಒಂಬತ್ತು ದಿನದ ಮೇಲೆ ಮದ್ರಾಸ್ ಹೈಕೋರ್ಟ್, ಬೇರೆ ರಾಜ್ಯಗಳ ಚುನಾವಣೆಯ ವಿಚಾರದಲ್ಲಿ, ಆಯೋಗದ ಅಧಿಕಾರಿಗಳ ಮೇಲೆ ಕೊಲೆ ಕೇಸೇ ಹಾಕಬೇಕೇನೋ ಅಂತ ಮೌಖಿಕವಾಗಿ ಗದರಿತು. ಆ ಮಾತು ಕಠೋರವಾಯಿತು ಅಂತ ಸುಪ್ರೀಂ ಕೋರ್ಟ್ ಆಮೇಲೆ ಹೇಳಿತು. ಒಂಟಿ ಮನುಷ್ಯನ ಅಲಕ್ಷ್ಯ ಅಳೆಯಲು ಬರೆದ ಕಲಮಿಗೆ ವ್ಯವಸ್ಥೆಯೇ ಸೇರಿಸಿದ ಜನಜಂಗುಳಿ ಕಾಣೋದು ಕಷ್ಟ.

ತಿದ್ದುವ ಅವಕಾಶ ಬಂದಿತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಾಯ್ತು. 269 ಹೋಗಿ 271 ಆಯ್ತು. ಒಳಗಿನ ಮಾತು 1860ರದ್ದೇ, ಶಿಕ್ಷೆ ಅದೇ ಆರು ತಿಂಗಳು.