ಕರಾಚಿಯನ್ನು ಕಟ್ಟಿದ ವರ್ತಕ

ರಾಜ್ಯಗಳನ್ನು ಕಟ್ಟಿದವರ ಹೆಸರು ಇತಿಹಾಸದ ಪುಟಗಳಲ್ಲಿ ತಾನಾಗಿಯೇ ಬಂದು ನಿಲ್ಲುತ್ತದೆ. ಊರಿಗೆ ನೀರು ತಂದವನ, ಚರಂಡಿ ತೋಡಿಸಿದವನ, ಮನೆಯಿಲ್ಲದವನಿಗೆ ನಿವೇಶನ ಅಳೆದುಕೊಟ್ಟವನ ಹೆಸರನ್ನು ಮಾತ್ರ ಹುಡುಕಿ ತೆಗೆಯಬೇಕಾಗುತ್ತದೆ. ಹಾಗೆ ಹುಡುಕಿ ತೆಗೆಯಬೇಕಾದ ಹೆಸರುಗಳಲ್ಲಿ ಕರಾಚಿಯ ಜಮಶೇದ್ ನಸರವಾನಜಿ ಮೆಹತಾ ಅವರದೊಂದು. ಕಸುಬಿನಿಂದ ವರ್ತಕರು, ಹುಟ್ಟಿನಿಂದ ಪಾರ್ಸಿಗಳು, ಪ್ರಜೆಗಳ ಒಪ್ಪಿಗೆಯಿಂದ ರಾಜಕಾರಣಿಗಳು. ಬ್ರಿಟಿಷ್ ಇಂಡಿಯದಲ್ಲಿ ಹುಟ್ಟಿ, ಪಾಕಿಸ್ತಾನದ ಪ್ರಜೆಯಾಗಿ ತೀರಿಕೊಂಡರು. ಆದರೆ ಹುಟ್ಟಿದ್ದೂ ತೀರಿಕೊಂಡದ್ದೂ ಒಂದೇ ಊರಿನಲ್ಲಿ. ಊರು ಅವರನ್ನು ಬಿಡಲಿಲ್ಲ, ಅವರೂ ಊರನ್ನು ಬಿಡಲಿಲ್ಲ.

ಅವರು ಹುಟ್ಟಿದ್ದು 1886ರ ಜನವರಿ 7ರಂದು. ಪಂಜಾಬಿನ ಗೋಧಿ ಮತ್ತು ಹತ್ತಿ ರೈಲಿನಲ್ಲಿ ಬಂದು ಕರಾಚಿಯ ಬಂದರಿನಿಂದ ಹಡಗು ಹತ್ತುತ್ತಿದ್ದ ಕಾಲವದು. ಮೀನುಗಾರರ ಮತ್ತು ಸಣ್ಣ ವ್ಯಾಪಾರಿಗಳ ಊರು ನೋಡನೋಡುತ್ತ ಪಟ್ಟಣವಾಗಿ ಬೆಳೆಯುತ್ತಿತ್ತು. ಸಿಂಧ್ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1936ರ ಏಪ್ರಿಲ್ 1ರಂದು ಅದು ಬೇರೆ ಪ್ರಾಂತವಾಗುವವರೆಗೂ ಕರಾಚಿಯವರೂ ನಮ್ಮ ಧಾರವಾಡ, ಬೆಳಗಾವಿ, ವಿಜಾಪುರಗಳವರೂ ಒಂದೇ ಮುಂಬಯಿ ಸರಕಾರದ ಕಡೆಗೆ ಮುಖಮಾಡಿ ಕುಳಿತವರೆಂಬುದನ್ನು ಇಂದು ನೆನೆಯುವವರು ವಿರಳ.

ತಂದೆಯ ವ್ಯಾಪಾರದ ಕೋಠಿಯಲ್ಲಿ ಜಮಶೇದರು ಲೆಕ್ಕ ಕಲಿತರು. ಥಿಯಾಸಫಿಯ ಸಹವಾಸದಲ್ಲಿ ಆ ಲೆಕ್ಕಕ್ಕೆ ಸಿಕ್ಕದ ಇನ್ನೊಂದನ್ನು ಕಲಿತರು. ಆನಿ ಬೆಸೆಂಟರ ಹೋಂ ರೂಲ್ ಚಳವಳಿ ಅವರನ್ನು ಸಾರ್ವಜನಿಕ ಜೀವನಕ್ಕೆ ಎಳೆದುತಂದಿತು. ಮದುವೆಯಾಗಲಿಲ್ಲ, ಮಾಂಸಾಹಾರ ಮುಟ್ಟಲಿಲ್ಲ. 1922ರಲ್ಲಿ ನಗರಸಭೆಯ ಅಧ್ಯಕ್ಷರಾದವರು 1933ರವರೆಗೂ ಆ ಪೀಠದಲ್ಲಿದ್ದರು. ನಗರಸಭೆ ಕಾರ್ಪೊರೇಶನ್ ಆದಾಗ, ಅದೇ ವರ್ಷದ ನವೆಂಬರಿನಲ್ಲಿ, ಕರಾಚಿಯ ಮೊದಲ ಮೇಯರೂ ಅವರೇ ಆದರು. 1937ರಲ್ಲಿ ಸಿಂಧ್ ಶಾಸನಸಭೆಯ ಸದಸ್ಯರೂ ಆದರು. ಆದರೆ ಜನ ಅವರನ್ನು ಈ ಪದವಿಗಳಿಂದ ಗುರುತಿಸಲಿಲ್ಲ. ರಸ್ತೆ, ನೀರು, ಚರಂಡಿ, ಶಾಲೆ, ಹೆರಿಗೆಮನೆ ಇವೇ ಅವರ ರಾಜಕಾರಣ. ‘ನವಕರಾಚಿಯ ನಿರ್ಮಾಪಕ’ ಎಂಬ ಬಿರುದು ಬಂದದ್ದು ಈ ಕೆಲಸದಿಂದ.

ಸಿಂಧಿನ ಲೇಖಕ ಪೀರ್ ಅಲಿ ಮುಹಮ್ಮದ್ ರಾಶ್ದಿ ಕಣ್ಣಾರೆ ಕಂಡ ಒಂದು ಸಂಗತಿಯನ್ನು ಬರೆದಿಟ್ಟಿದ್ದಾರೆ. ಬಂದರ್ ರಸ್ತೆಯಲ್ಲಿ ಗಾಯಗೊಂಡ ಕತ್ತೆಯೊಂದನ್ನು ಕರೆದುಕೊಂಡು ಒಬ್ಬ ಮಹನೀಯರು ನಡೆದು ಹೋಗುತ್ತಿದ್ದರು. ಅವರ ಮೋಟಾರು ಹಿಂದಿನಿಂದ ಮೆಲ್ಲನೆ ಬರುತ್ತಿತ್ತು. ಕತ್ತೆಯನ್ನು ಪಶುವೈದ್ಯಶಾಲೆಗೆ ಮುಟ್ಟಿಸುವವರೆಗೆ ಅವರು ಗಾಡಿ ಹತ್ತಲಿಲ್ಲ. ಆ ಮಹನೀಯರೇ ಜಮಶೇದರು. ನಗರವೆಂದರೆ ಕಂದಾಯ ಕೊಡುವವರಷ್ಟೇ ಅಲ್ಲ, ಅಲ್ಲಿ ಹೊರೆ ಹೊರುವ ಮೂಕಪ್ರಾಣಿಯೂ ನಗರವಾಸಿಯೇ ಎಂಬ ಭಾವನೆ ಅವರದು.

ಇಪ್ಪತ್ತು-ಮೂವತ್ತರ ದಶಕಗಳಲ್ಲಿ ಊರಿನ ಪೂರ್ವಕ್ಕೆ ಎದ್ದ ಹೊಸ ಬಡಾವಣೆಗೆ ಜನ ‘ಜಮಶೇದ್ ಕ್ವಾರ್ಟರ್ಸ್’ ಎಂದು ಹೆಸರಿಟ್ಟರು. ಪಾರ್ಸಿಗಳು, ಕ್ರೈಸ್ತರು, ಹಿಂದೂ ಆಮಿಲರು ಸಹಕಾರಿ ಸಂಘಗಳನ್ನು ಮಾಡಿಕೊಂಡು ಅಲ್ಲಿ ಮನೆ ಕಟ್ಟಿದರು. ಒಬ್ಬೊಬ್ಬನಿಗೆ ಎಟುಕದ ಮನೆ ಹತ್ತು ಮಂದಿ ಕೂಡಿದಾಗ ಎಟುಕಿತು. ಆದರೆ ಇತಿಹಾಸವನ್ನು ಬರೆಯುವವನು ಇನ್ನೊಂದು ಮಾತನ್ನೂ ಹೇಳಲೇಬೇಕು. ಒಂದೊಂದು ಸಮಾಜಕ್ಕೆ ಒಂದೊಂದು ಕಾಲೊನಿ ಎಂಬ ಆ ಏರ್ಪಾಡಿನಲ್ಲಿ ನೆರೆಹೊರೆಯ ಸೌಹಾರ್ದ ಇತ್ತು, ನಿಜ, ಬೇಲಿಯೂ ಇತ್ತು. ಬೇಲಿ ಇದೆಯೆಂಬುದು ಒಳ್ಳೆಯ ದಿನಗಳಲ್ಲಿ ಯಾರಿಗೂ ಕಾಣಲಿಲ್ಲ.

ಕೆಟ್ಟ ದಿನಗಳು ಬಂದವು. 1947ರ ಆಗಸ್ಟಿನಲ್ಲಿ ಕರಾಚಿ ಹೊಸ ದೇಶದ ರಾಜಧಾನಿಯಾಯಿತು. ಅಷ್ಟರವರೆಗೆ ಊರಿನ ಸುಮಾರು ಅರ್ಧದಷ್ಟು ಜನ ಹಿಂದೂಗಳು. 1948ರ ಜನವರಿ 6ರಂದು ಅಲ್ಲಿ ಗಲಭೆ ಎದ್ದಿತು. ಗುರುದ್ವಾರದಲ್ಲಿ ಆಶ್ರಯ ಪಡೆದಿದ್ದ ಸಿಖ್ಖರ ಮೇಲೆ ದಾಳಿಯಾಯಿತು. ಹಿಂದೂಗಳ ಮನೆಗಳು ಲೂಟಿಯಾದವು. ಆಮೇಲೆ ಸಿಂಧಿ ಹಿಂದೂಗಳು ತಂಡತಂಡವಾಗಿ ಹಡಗು ಹತ್ತಿದರು. ಆಮಿಲರ ಕಾಲೊನಿಯಲ್ಲಿ ಅವರು ಬಿಟ್ಟುಹೋದ ಮನೆಗಳಿಗೆ ದಿಲ್ಲಿ, ಸಂಯುಕ್ತ ಪ್ರಾಂತಗಳಿಂದ ಎಲ್ಲವನ್ನೂ ಕಳೆದುಕೊಂಡು ಬಂದವರು ಸೇರಿದರು. 1941ರಲ್ಲಿ ಸುಮಾರು 4 ಲಕ್ಷವಿದ್ದ ಜನಸಂಖ್ಯೆ 1951ರ ಹೊತ್ತಿಗೆ 10 ಲಕ್ಷವನ್ನು ದಾಟಿತು.

ಇಪ್ಪತ್ತೈದು ವರ್ಷ ಯಾವ ಜನರಿಗಾಗಿ ದುಡಿದರೋ ಆ ಜನ ಕಣ್ಣೆದುರಿಗೇ ಹೊರಟುಹೋಗುವುದನ್ನು ಆ ಮುದುಕರು ನೋಡಿದರು. ಹೋಗುವವರಿಗೆ ಮುಂಬಯಿಯಲ್ಲಿ ಬೇಕಾದಷ್ಟು ಪಾರ್ಸಿ ಬಂಧುಗಳಿಲ್ಲ; ಇವರಿಗೆ ಇದ್ದರು. ಮನಸ್ಸು ಮಾಡಿದ್ದರೆ ಹೊರಡುವುದು ಇವರಿಗೆ ಕಷ್ಟವಾಗುತ್ತಿರಲಿಲ್ಲ. ಆದರೂ ಅವರು ಉಳಿದರು. ಊರೆಂದರೆ ತನ್ನವರಿರುವ ಜಾಗವೆಂದು ತಿಳಿದವನು ತನ್ನವರೊಡನೆ ಹೊರಡುತ್ತಾನೆ. ಊರಿನಲ್ಲಿರುವವರೆಲ್ಲ ತನ್ನವರೆಂದು ತಿಳಿದವನು ಹೊರಡುವುದೆಲ್ಲಿಗೆ? 1952ರ ಆಗಸ್ಟ್ 1ರಂದು ಅವರು ಕರಾಚಿಯಲ್ಲಿಯೇ ಕಾಲವಾದರು. 1988ರಲ್ಲಿ ಪಾಕಿಸ್ತಾನದ ಅಂಚೆ ಇಲಾಖೆ ಅವರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು.

ನಸರವಾನಜಿ ಮನೆತನದ ವ್ಯಾಪಾರಕ್ಕೆಂದು 1903ರಲ್ಲಿ ಖಾರಾದರದಲ್ಲಿ ಕಟ್ಟಿದ ಕಲ್ಲಿನ ದೊಡ್ಡ ಕಟ್ಟಡವೊಂದಿತ್ತು. ತೊಂಬತ್ತರ ದಶಕದಲ್ಲಿ ಅದನ್ನು ಉಳಿಸಲು ಒಂದು ಸಾಹಸ ನಡೆಯಿತು. ಕಲ್ಲುಗಳಿಗೆ ಅಂಕಿ ಹಾಕಿ, ಒಂದೊಂದಾಗಿ ಬಿಚ್ಚಿ, ಕ್ಲಿಫ್ಟನ್ನಿಗೆ ಸಾಗಿಸಿ, ಅಲ್ಲಿನ ಇಂಡಸ್ ವ್ಯಾಲಿ ಕಲಾಶಾಲೆಯ ಆವರಣದಲ್ಲಿ ಮತ್ತೆ ಜೋಡಿಸಿದರು. ಮೂಟೆಗಳಿದ್ದ ಜಾಗದಲ್ಲಿ ಈಗ ವಿದ್ಯಾರ್ಥಿಗಳು.

ಕಲ್ಲನ್ನು ಬಿಚ್ಚಿ ಮತ್ತೆ ಜೋಡಿಸುವ ವಿದ್ಯೆ ಮನುಷ್ಯನಿಗೆ ಕೈವಶವಾಗಿದೆ. ಬಿಚ್ಚಿಹೋದ ನೆರೆಹೊರೆಯನ್ನು ಜೋಡಿಸುವ ವಿದ್ಯೆ ಇನ್ನೂ ಆಗಿಲ್ಲ. ಆ ವಿದ್ಯೆಯ ಅಕ್ಷರಾಭ್ಯಾಸ ಮಾಡಿದವರು ಎಲ್ಲ ದೇಶಗಳಲ್ಲಿಯೂ ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ಕರಾಚಿಯ ಈ ವರ್ತಕರು ಅಂಥವರಲ್ಲಿ ಒಬ್ಬರು.