ಸ್ವಯಂಚಾಲಿತ ನೀರು ನಿಲುಗಡೆ ವಾಲ್ವ್

ಸ್ವಯಂಚಾಲಿತ ನೀರು ನಿಲುಗಡೆ ವಾಲ್ವ್ ಎಂಬುದು ಮನೆಯ ಕೊಳವೆಗಳಲ್ಲಿ ಉಂಟಾಗುವ ಸೋರಿಕೆಯನ್ನು ಗುರುತಿಸಿ, ಮನುಷ್ಯರ ಸಹಾಯವಿಲ್ಲದೆ ನೀರಿನ ಪೂರೈಕೆಯನ್ನು ನಿಲ್ಲಿಸುವ ಉಪಕರಣ. ಇದನ್ನು ಸಾಮಾನ್ಯವಾಗಿ ಮನೆಯೊಳಕ್ಕೆ ನೀರು ಬರುವ ಮುಖ್ಯ ಕೊಳವೆಗೆ ಜೋಡಿಸಲಾಗುತ್ತದೆ. ಸೋರಿಕೆಯನ್ನು ಅರಿಯುವ ಸಂವೇದಕ, ತೀರ್ಮಾನ ಕೈಗೊಳ್ಳುವ ನಿಯಂತ್ರಕ ಮತ್ತು ನೀರನ್ನು ತಡೆಯುವ ವಾಲ್ವ್ ಇದರ ಮೂರು ಮುಖ್ಯ ಭಾಗಗಳು. ಇವುಗಳಲ್ಲಿ ಒಂದು ಕೆಲಸ ಮಾಡದಿದ್ದರೂ ಉಪಕರಣದಿಂದ ಪ್ರಯೋಜನವಿಲ್ಲ. ಆದುದರಿಂದ ಇದನ್ನು ಆಯ್ಕೆ ಮಾಡುವಾಗ ಮೊಬೈಲ್ ಆ್ಯಪ್‌ನ ಸೌಲಭ್ಯಗಳಿಗಿಂತ ಮೊದಲು ಮನೆಯ ನೀರಿನ ಒತ್ತಡ, ಕೊಳವೆಗಳ ವಿನ್ಯಾಸ ಹಾಗೂ ವಿದ್ಯುತ್ ಪೂರೈಕೆಯ ಸ್ಥಿತಿಯನ್ನು ಪರಿಗಣಿಸಬೇಕಾಗುತ್ತದೆ.

ಹಿನ್ನೆಲೆ

ಅಮೆರಿಕದ ನಗರಗಳಲ್ಲಿ ಸಾರ್ವಜನಿಕ ಸರಬರಾಜಿನ ನೀರು ದಿನದ 24 ಗಂಟೆಯೂ ಒತ್ತಡದೊಡನೆ ನೇರವಾಗಿ ಮನೆಯ ನಲ್ಲಿಗಳನ್ನು ತಲುಪುತ್ತದೆ. ಅಲ್ಲಿ ಕೊಳವೆಯೊಂದು ಒಡೆದರೆ, ಯಾರಾದರೂ ಬಂದು ಮುಖ್ಯ ವಾಲ್ವನ್ನು ಮುಚ್ಚುವವರೆಗೆ ನೀರು ಹರಿಯುತ್ತಲೇ ಇರುತ್ತದೆ. ನಿಮಿಷಕ್ಕೆ ಕೇವಲ 10 ಲೀಟರ್‌ನಂತೆ ಹರಿದರೂ 8 ಗಂಟೆಗಳಲ್ಲಿ 4,800 ಲೀಟರ್ ನೀರು ಹೊರಬೀಳುತ್ತದೆ. ಮರದ ನೆಲ ಮತ್ತು ಜಿಪ್ಸಮ್ ಹಲಗೆಯ ಗೋಡೆಗಳಿರುವ ಮನೆಗಳಿಗೆ ಇದರಿಂದ ಭಾರಿ ಹಾನಿಯಾಗುತ್ತದೆ. ಸಣ್ಣ ಸೋರಿಕೆಗಳಿಂದಾಗುವ ನಷ್ಟವೂ ಕಡಿಮೆಯಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಅಂದಾಜಿನಂತೆ, ಅಲ್ಲಿನ ಸರಾಸರಿ ಕುಟುಂಬವೊಂದರ ಸೋರಿಕೆಗಳಿಂದ ವರ್ಷಕ್ಕೆ ಸುಮಾರು 10,000 ಗ್ಯಾಲನ್, ಅಂದರೆ ಸುಮಾರು 38,000 ಲೀಟರ್ ನೀರು ವ್ಯರ್ಥವಾಗಬಹುದು.

ಶೀತ ಪ್ರದೇಶಗಳಲ್ಲಿ ಕೊಳವೆಯೊಳಗಿನ ನೀರು ಹೆಪ್ಪುಗಟ್ಟಿದಾಗ ಕೊಳವೆ ಬಿರಿಯುತ್ತದೆ. ಮಂಜು ಕರಗಿದ ಮೇಲೆ ಆ ಬಿರುಕಿನಿಂದ ನೀರು ಚಿಮ್ಮತೊಡಗುತ್ತದೆ. 2021ರ ಫೆಬ್ರವರಿಯಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಬೀಸಿದ ಹಿಮ ಬಿರುಗಾಳಿಯ ಸಂದರ್ಭದಲ್ಲಿ ಲಕ್ಷಾಂತರ ಮನೆಗಳಿಗೆ ವಿದ್ಯುತ್ ಕಡಿತವಾಯಿತು, ಅನೇಕ ಮನೆಗಳಲ್ಲಿ ಕೊಳವೆಗಳು ಒಡೆದವು. ವಿದ್ಯುತ್ ಇಲ್ಲದ ವೇಳೆಯಲ್ಲಿಯೇ ನಿಲುಗಡೆ ವಾಲ್ವಿನ ಅಗತ್ಯ ಬೀಳಬಹುದೆಂಬುದಕ್ಕೆ ಈ ಘಟನೆ ನಿದರ್ಶನವಾಗಿದೆ.

ಸೋರಿಕೆಯನ್ನು ಗುರುತಿಸುವ ವಿಧಾನಗಳು

* ಸ್ಥಳ ಸಂವೇದಕ: ವಾಷಿಂಗ್ ಮೆಷಿನ್, ಗೀಸರ್, ಸಿಂಕ್ ಮುಂತಾದವುಗಳ ಬಳಿ ನೆಲದ ಮೇಲೆ ಇಡುವ ಸಣ್ಣ ಸಾಧನ. ಇದರ ಎರಡು ಲೋಹದ ತುದಿಗಳ ನಡುವೆ ನೀರು ತಗುಲಿದಾಗ ವಿದ್ಯುತ್ ಹರಿದು ಸೂಚನೆ ದೊರೆಯುತ್ತದೆ. ಇಟ್ಟ ಜಾಗದಲ್ಲಿ ನೀರು ಬಿದ್ದರೆ ಮಾತ್ರ ಇದು ಉಪಯುಕ್ತ; ಗೋಡೆಯೊಳಗಿನ ಸೋರಿಕೆ ಇದಕ್ಕೆ ತಿಳಿಯದು.
* ಹರಿವಿನ ಮಾಪನ: ಕೊಳವೆಯೊಳಗೆ ತಿರುಗುವ ಚಕ್ರದಿಂದ ಅಥವಾ ಶ್ರವಣಾತೀತ ಧ್ವನಿ ತರಂಗಗಳಿಂದ ಹರಿವನ್ನು ಅಳೆಯಲಾಗುತ್ತದೆ. ಮನೆಯವರು ನೀರು ಬಳಸುವ ಕ್ರಮವನ್ನು ಕೆಲವು ದಿನ ಗಮನಿಸಿ, ಅದಕ್ಕೆ ಹೊಂದದ ದೀರ್ಘ ಹರಿವನ್ನು ಸೋರಿಕೆಯೆಂದು ಭಾವಿಸಲಾಗುತ್ತದೆ.
* ಒತ್ತಡದ ಪರೀಕ್ಷೆ: ಯಾರೂ ನೀರು ಬಳಸದ ರಾತ್ರಿ ವೇಳೆಯಲ್ಲಿ ವಾಲ್ವನ್ನು ಕೆಲವು ನಿಮಿಷ ಮುಚ್ಚಿ, ಕೊಳವೆಯೊಳಗಿನ ಒತ್ತಡ ಇಳಿಯುವುದೇ ಎಂದು ನೋಡಲಾಗುತ್ತದೆ. ಹನಿ ಹನಿಯಾಗಿ ಸೋರುವುದನ್ನೂ ಈ ವಿಧಾನದಿಂದ ಪತ್ತೆಹಚ್ಚಬಹುದು.

ಮೋಯೆನ್ ಸಂಸ್ಥೆಯ ಫ್ಲೋ, ಫಿನ್ ಪ್ಲಸ್, ಗ್ರೋಹೆ ಸಂಸ್ಥೆಯ ಸೆನ್ಸ್ ಗಾರ್ಡ್ ಮುಂತಾದ ಉಪಕರಣಗಳಲ್ಲಿ ಮಾಪನ ಮತ್ತು ವಾಲ್ವ್ ಒಂದೇ ಘಟಕದಲ್ಲಿರುತ್ತವೆ.

ವಾಲ್ವಿನ ವಿಧಗಳು

ಮೋಟಾರು ಚಾಲಿತ ಬಾಲ್ ವಾಲ್ವಿನಲ್ಲಿ ರಂಧ್ರವಿರುವ ಗೋಲವೊಂದು ಕಾಲು ಸುತ್ತು ತಿರುಗಿ ನೀರನ್ನು ತಡೆಯುತ್ತದೆ. ಮುಚ್ಚಿಕೊಳ್ಳಲು ಕೆಲವು ಸೆಕೆಂಡುಗಳು ಬೇಕಾಗುವುದರಿಂದ ಕೊಳವೆಯಲ್ಲಿ ನೀರಿನ ಹೊಡೆತ ಉಂಟಾಗುವುದಿಲ್ಲ. ಪೂರ್ಣ ರಂಧ್ರದ ಮಾದರಿಗಳಲ್ಲಿ ಹರಿವಿಗೂ ಅಡ್ಡಿಯಿಲ್ಲ.

ಸೊಲೆನಾಯ್ಡ್ ವಾಲ್ವ್ ವಿದ್ಯುತ್ಕಾಂತದಿಂದ ಕೆಲಸ ಮಾಡುತ್ತದೆ ಮತ್ತು ಕ್ಷಣಮಾತ್ರದಲ್ಲಿ ಮುಚ್ಚಿಕೊಳ್ಳುತ್ತದೆ. ಆದರೆ ಸಾಮಾನ್ಯ ಬಳಕೆಯ ಪೈಲಟ್ ಮಾದರಿಗಳು ಕೆಲಸ ಮಾಡಲು ನೀರಿನಲ್ಲಿಯೇ ಸುಮಾರು 0.3ರಿಂದ 0.5 ಬಾರ್ ಒತ್ತಡವಿರಬೇಕು.

ಮೂರನೆಯದು, ಈಗಾಗಲೇ ಇರುವ ವಾಲ್ವಿನ ಹಿಡಿಕೆಗೆ ಹೊರಗಿನಿಂದ ಜೋಡಿಸುವ ಮೋಟಾರು. ಇದಕ್ಕಾಗಿ ಕೊಳವೆ ಕತ್ತರಿಸಬೇಕಾಗಿಲ್ಲ. ಕಾಲು ಸುತ್ತು ತಿರುಗುವ ಹಿಡಿಕೆಯ ಬಾಲ್ ವಾಲ್ವ್‌ಗಳಿಗೆ ಇದು ಹೊಂದುತ್ತದೆ. ಹಲವು ಸುತ್ತು ತಿರುಗಿಸುವ ಗೇಟ್ ವಾಲ್ವ್‌ಗಳಿಗೆ ಹೊಂದುವುದಿಲ್ಲ. ಹಿಡಿಕೆ ಕೈಯಿಂದಲೇ ಸುಲಭವಾಗಿ ತಿರುಗದಿದ್ದರೆ ಮೋಟಾರಿನಿಂದಲೂ ತಿರುಗಲಾರದು.

ಆಯ್ಕೆಯ ಮಾನದಂಡಗಳು

* ವಿದ್ಯುತ್: ವಿದ್ಯುತ್ ಕಡಿತವಾದಾಗ ಬ್ಯಾಟರಿಯಿಂದ ನಡೆಯುವ ಅಥವಾ ತಾನಾಗಿ ಮುಚ್ಚಿಕೊಳ್ಳುವ ವ್ಯವಸ್ಥೆಯಿರುವುದು ಮುಖ್ಯ. ಕೈಯಿಂದ ತೆರೆದು ಮುಚ್ಚುವ ಹಿಡಿಕೆಯೂ ಇರಬೇಕು.
* ಸಂಪರ್ಕ: ಅಂತರಜಾಲ ಸಂಪರ್ಕ ಕಡಿದಾಗಲೂ ಸಂವೇದಕದ ಸೂಚನೆಯಂತೆ ವಾಲ್ವ್ ಮುಚ್ಚಬೇಕು. ತಯಾರಕರ ದೂರದ ಸರ್ವರನ್ನೇ ಅವಲಂಬಿಸುವ ಉಪಕರಣಗಳಲ್ಲಿ ಇದು ಸಾಧ್ಯವಾಗುವುದಿಲ್ಲ.
* ಹೊಂದಾಣಿಕೆ: ಝಡ್-ವೇವ್ ಸಾಧನಗಳ ತರಂಗಾಂತರ ದೇಶದಿಂದ ದೇಶಕ್ಕೆ ಬೇರೆಯಾಗಿದೆ. ಅಮೆರಿಕದಲ್ಲಿ 908 ಮೆಗಾಹರ್ಟ್ಸ್ ಮತ್ತು ಭಾರತದಲ್ಲಿ 865 ಮೆಗಾಹರ್ಟ್ಸ್ ಆಸುಪಾಸಿನ ತರಂಗಗಳು ಬಳಕೆಯಲ್ಲಿವೆ. ಆದಕಾರಣ ಅಲ್ಲಿ ಕೊಂಡ ಸಾಧನ ಇಲ್ಲಿನ ವ್ಯವಸ್ಥೆಗೆ ಸೇರುವುದಿಲ್ಲ. ಮ್ಯಾಟರ್ ಎಂಬ ಸಾಮಾನ್ಯ ಮಾನಕದ 2024ರ 1.3ನೆಯ ಆವೃತ್ತಿಯಲ್ಲಿ ಸೋರಿಕೆ ಸಂವೇದಕಗಳನ್ನೂ ನೀರಿನ ವಾಲ್ವ್‌ಗಳನ್ನೂ ಸೇರಿಸಲಾಗಿದೆ.
* ಲೋಹ: ಕುಡಿಯುವ ನೀರು ಹಾದುಹೋಗುವ ಭಾಗಗಳಲ್ಲಿ ಸೀಸದ ಅಂಶ ಅತ್ಯಲ್ಪವಾಗಿರಬೇಕು. ಅಮೆರಿಕದಲ್ಲಿ 2014ರಿಂದ ಇದರ ಸರಾಸರಿ ಮಿತಿ ಶೇ. 0.25.
* ಅಳತೆ: ವಾಲ್ವಿನ ರಂಧ್ರವು ಕೊಳವೆಯ ಅಳತೆಗಿಂತ ಕಿರಿದಾಗಿದ್ದರೆ ನಲ್ಲಿಗಳಲ್ಲಿ ನೀರಿನ ರಭಸ ಕುಗ್ಗುತ್ತದೆ.
* ಅಗ್ನಿಸುರಕ್ಷತೆ: ಬೆಂಕಿ ಆರಿಸುವ ಸಿಂಪರಣಾ ಕೊಳವೆಗೆ ಈ ವಾಲ್ವ್ ಅಡ್ಡಬರಬಾರದು. ಸಿಂಪರಣೆಯ ಹರಿವನ್ನೇ ಸೋರಿಕೆಯೆಂದು ತಿಳಿದು ಉಪಕರಣ ನೀರು ನಿಲ್ಲಿಸಿದರೆ ಪ್ರಾಣಾಪಾಯ ಸಂಭವಿಸಬಹುದು. ಕ್ಯಾಲಿಫೋರ್ನಿಯಾದಲ್ಲಿ 2011ರಿಂದ ಹೊಸ ಮನೆಗಳಿಗೆ ಸಿಂಪರಣಾ ವ್ಯವಸ್ಥೆ ಕಡ್ಡಾಯವಾಗಿರುವುದರಿಂದ ಅಲ್ಲಿ ಈ ಎಚ್ಚರಿಕೆ ವಿಶೇಷವಾಗಿ ಅಗತ್ಯ.

ಭಾರತದ ಮನೆಗಳಲ್ಲಿ ಬಳಕೆ

ಬೆಂಗಳೂರು ಸೇರಿದಂತೆ ಭಾರತದ ಅನೇಕ ಊರುಗಳಲ್ಲಿ ಸರಬರಾಜಿನ ನೀರು ಮೊದಲು ನೆಲದೊಳಗಿನ ಸಂಪಿಗೆ ಬಂದು, ಅಲ್ಲಿಂದ ಪಂಪಿನ ಮೂಲಕ ತಾರಸಿಯ ಟ್ಯಾಂಕಿಗೆ ಏರುತ್ತದೆ. ನಲ್ಲಿಗಳಿಗೆ ನೀರು ಟ್ಯಾಂಕಿನ ಎತ್ತರದ ಬಲದಿಂದ ಇಳಿಯುತ್ತದೆ. ಹತ್ತು ಮೀಟರ್ ಎತ್ತರದ ನೀರು ಸುಮಾರು 1 ಬಾರ್ ಒತ್ತಡ ನೀಡುವುದರಿಂದ, ಟ್ಯಾಂಕಿನಿಂದ 3 ಮೀಟರ್ ಕೆಳಗಿರುವ ನಲ್ಲಿಗೆ ದೊರೆಯುವುದು 0.3 ಬಾರ್ ಮಾತ್ರ. ಇಷ್ಟು ಕಡಿಮೆ ಒತ್ತಡದಲ್ಲಿ ಪೈಲಟ್ ಮಾದರಿಯ ಸೊಲೆನಾಯ್ಡ್ ವಾಲ್ವ್ ಸರಿಯಾಗಿ ಕೆಲಸ ಮಾಡುವ ಭರವಸೆಯಿಲ್ಲ. ಮೋಟಾರು ಚಾಲಿತ ಬಾಲ್ ವಾಲ್ವ್ ಸೂಕ್ತ. ವಿದೇಶಿ ಉಪಕರಣಗಳನ್ನು ಕೊಳ್ಳುವಾಗ ತಯಾರಕರು ಸೂಚಿಸಿರುವ ಕನಿಷ್ಠ ಒತ್ತಡವನ್ನು ಪರಿಶೀಲಿಸಬೇಕು.

ವಾಲ್ವ್ ಇರಿಸುವ ಸ್ಥಳವೂ ಇಲ್ಲಿ ಬೇರೆ. ಸಂಪಿಗೆ ಬರುವ ಕೊಳವೆಯನ್ನು ಮುಚ್ಚಿದರೆ ಟ್ಯಾಂಕಿನಲ್ಲಿರುವ ನೀರು ಸೋರುವುದು ನಿಲ್ಲುವುದಿಲ್ಲ. ಆದುದರಿಂದ ವಾಲ್ವನ್ನು ಟ್ಯಾಂಕಿನಿಂದ ನೀರು ಹೊರಬರುವ ಕಡೆ ಜೋಡಿಸಬೇಕಾಗುತ್ತದೆ. ಅಡುಗೆಮನೆ, ಸ್ನಾನಗೃಹ ಮತ್ತು ಸೋಲಾರ್ ವಾಟರ್ ಹೀಟರಿಗೆ ಪ್ರತ್ಯೇಕ ಕೊಳವೆಗಳು ಇಳಿದಿದ್ದರೆ ಒಂದೇ ವಾಲ್ವ್ ಸಾಲದು. ಬಹುಮಹಡಿ ವಸತಿ ಸಮುಚ್ಚಯಗಳಲ್ಲಿ ಒಂದು ಮನೆಗೆ ಹಲವು ಕಡೆಗಳಿಂದ ನೀರಿನ ಸಂಪರ್ಕವಿರುವುದುಂಟು. ಅಲ್ಲಿಯೂ ಇದೇ ಸಮಸ್ಯೆ ಎದುರಾಗುತ್ತದೆ.

ಟ್ಯಾಂಕಿನ ಮಟ್ಟ ಇಳಿದಾಗ ಪಂಪನ್ನು ತಾನಾಗಿ ಚಾಲೂ ಮಾಡುವ ಸಾಧನವಿರುವ ಮನೆಗಳಲ್ಲಿ ಅಪಾಯ ಇನ್ನೂ ಹೆಚ್ಚು. ಸೋರಿಕೆಯಿಂದ ಟ್ಯಾಂಕು ಬರಿದಾದಂತೆಲ್ಲ ಪಂಪು ಅದನ್ನು ತುಂಬಿಸುತ್ತಲೇ ಇದ್ದು, ಕೊನೆಗೆ ಸಂಪಿನ ನೀರೂ ಖಾಲಿಯಾಗಬಹುದು. ಸೋರಿಕೆಯ ಸೂಚನೆ ಬಂದೊಡನೆ ವಾಲ್ವಿನ ಜೊತೆಗೆ ಪಂಪೂ ನಿಲ್ಲುವಂತೆ ವ್ಯವಸ್ಥೆ ಮಾಡುವುದು ಇದಕ್ಕೆ ಪರಿಹಾರ. ಒತ್ತಡ ಹೆಚ್ಚಿಸುವ ಪಂಪಿನ ಮುಂದೆ ವಾಲ್ವ್ ಇದ್ದರೆ, ಅದು ಮುಚ್ಚಿದಾಗ ಪಂಪು ನಿಲ್ಲದೆ ತಿರುಗಿ ಬಿಸಿಯೇರಿ ಕೆಡುವ ಸಂಭವವಿದೆ.

ನಿರ್ವಹಣೆ ಮತ್ತು ಮಿತಿಗಳು

ಗಡಸು ನೀರಿನಲ್ಲಿರುವ ಸುಣ್ಣದ ಅಂಶ ವಾಲ್ವಿನೊಳಗೆ ಗಟ್ಟಿಯಾಗಿ ಕೂರುತ್ತದೆ. ಕೊಳವೆಬಾವಿಯ ನೀರು ಬಳಸುವ ಮನೆಗಳಲ್ಲಿ ಇದು ಸಾಮಾನ್ಯ. ಬಹುಕಾಲ ತಿರುಗದ ವಾಲ್ವ್ ಅಗತ್ಯ ಬಿದ್ದಾಗ ಅಲುಗಾಡದೆ ಹೋಗಬಹುದು. ಆದ್ದರಿಂದ ತಿಂಗಳಿಗೊಮ್ಮೆ ಅದನ್ನು ಮುಚ್ಚಿ ತೆರೆಯುವುದು, ಬ್ಯಾಟರಿಗಳನ್ನು ಪರೀಕ್ಷಿಸುವುದು ಮತ್ತು ಸಂವೇದಕಕ್ಕೆ ನೀರು ತಾಕಿಸಿ ನೋಡುವುದು ಒಳ್ಳೆಯದು.

ತೋಟಕ್ಕೆ ನೀರು ಹಾಯಿಸುವಾಗ ಅಥವಾ ಅತಿಥಿಗಳು ಬಂದಾಗ ಹೆಚ್ಚು ನೀರು ಬಳಕೆಯಾಗಿ ಸುಳ್ಳು ಎಚ್ಚರಿಕೆ ಉಂಟಾಗುವುದುಂಟು. ಇದರಿಂದ ಬೇಸತ್ತು ಸ್ವಯಂಚಾಲನೆಯನ್ನು ನಿಲ್ಲಿಸಿಬಿಟ್ಟರೆ ಉಪಕರಣದ ಉದ್ದೇಶವೇ ವಿಫಲವಾಗುತ್ತದೆ. ಮಿತಿಗಳನ್ನು ಸರಿಹೊಂದಿಸುವುದು ಸರಿಯಾದ ಕ್ರಮ. ವಾಲ್ವ್ ಮುಚ್ಚಿದ ಮೇಲೂ ಕೊಳವೆಗಳಲ್ಲಿ ಉಳಿದ ನೀರು ಸೋರಬಹುದು. ಚರಂಡಿಯ ಕೊಳವೆ ಅಥವಾ ಮಳೆನೀರಿನ ಸೋರಿಕೆಗೆ ಈ ಉಪಕರಣ ಪರಿಹಾರವಲ್ಲ.

ಇವನ್ನೂ ನೋಡಿ

* ಬಾಲ್ ವಾಲ್ವ್
* ಸೊಲೆನಾಯ್ಡ್
* ನೀರಿನ ಮೀಟರ್
* ಗೃಹ ಸ್ವಯಂಚಾಲನೆ