ಜೋಳದ ರೊಟ್ಟಿ, ಎಳ್ಳು ಮತ್ತು ನಮ್ಮ ಎಲುಬು

ನಮ್ಮ ಚಿದ್ರಿಯಲ್ಲಿ ಹಿರಿಯರ ಗಟ್ಟಿತನದ ಪ್ರಸ್ತಾಪ ಬಂದರೆ ಸಿದ್ಧ ಉತ್ತರವೊಂದಿದೆ: "ಅವರು ಬಿಳಿಜೋಳದ ರೊಟ್ಟಿ ತಿಂದವರು." ತರಗತಿಯಲ್ಲಿ ನಾನೂ ಬಹಳ ವರ್ಷ ಇದನ್ನೇ ಹೇಳುತ್ತಿದ್ದೆ. ನನ್ನ ಹಳೆಯ ವಿದ್ಯಾರ್ಥಿಗಳು ಕ್ಷಮಿಸಬೇಕು, ಅದು ಅರ್ಧಸತ್ಯ.

ನಮ್ಮ ಧಾನ್ಯಗಳಲ್ಲಿ ಏನಿದೆ ಎಂದು ಅಳೆದು ನೋಡುವ ಕಾರ್ಯದ ಮೂಲ ನೀಲಗಿರಿಯ ಕೂನೂರಿನಲ್ಲಿದೆ. 1918ರಲ್ಲಿ ರಾಬರ್ಟ್ ಮ್ಯಾಕರಿಸನ್ ಅಲ್ಲಿ ಒಂದು ಪುಟ್ಟ ಸಂಶೋಧನಾ ಘಟಕವನ್ನು ಆರಂಭಿಸಿದರು. ಅವರ ಉತ್ತರಾಧಿಕಾರಿ ಐಕ್ರಾಯ್ಡ್ ಅವರು 1937ರಲ್ಲಿ ಭಾರತೀಯ ಆಹಾರಗಳ ಪೌಷ್ಟಿಕತೆಯ ಪಟ್ಟಿಯನ್ನು ಪ್ರಕಟಿಸಿದರು. ಆ ಪ್ರಯೋಗಾಲಯ 1958ರಲ್ಲಿ ಹೈದರಾಬಾದಿಗೆ ಬಂದಿತು. (ಬೀದರ ಜಿಲ್ಲೆ ಹೈದರಾಬಾದನ್ನು ಬಿಟ್ಟು ಮೈಸೂರು ರಾಜ್ಯ ಸೇರಿದ್ದು 1956ರಲ್ಲಿ, ನಾವು ಹೊರಟ ಮೇಲೆ ಅದು ಬಂದಿತೆನ್ನಿ!) ಇಂದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಅದೇ. ಅದರ ಪಟ್ಟಿಗಳ ಪ್ರಕಾರ ನೂರು ಗ್ರಾಂ ಜೋಳದಲ್ಲಿ ಸುಣ್ಣಾಂಶ, ಅಂದರೆ ಕ್ಯಾಲ್ಸಿಯಂ, ಮೂವತ್ತು ಮಿಲಿಗ್ರಾಂ ಕೂಡ ಇಲ್ಲ. ಮೈಸೂರು ಸೀಮೆಯ ರಾಗಿಯಲ್ಲಿ 340ಕ್ಕೂ ಮಿಗಿಲು. ಎಳ್ಳಿನಲ್ಲಿ ಸಾವಿರಕ್ಕೂ ಹೆಚ್ಚು.

ಹಾಗಾದರೆ ನಮ್ಮ ಹಿರಿಯರ ಎಲುಬನ್ನು ಕಾಪಾಡಿದ್ದೇನು? ರೊಟ್ಟಿಯಲ್ಲ, ರೊಟ್ಟಿಯ ಸುತ್ತಲಿನದು. ಎಳ್ಳಮಾವಾಸ್ಯೆಗೆ ಹೊಲಕ್ಕೆ ಒಯ್ಯುತ್ತಿದ್ದ ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಸೊಪ್ಪು-ಕಾಳುಗಳ ಭಜ್ಜಿ, ಮಜ್ಜಿಗೆ ಬೆರೆಸಿದ ಅಂಬಲಿ. ಬೆಣ್ಣೆ ತೆಗೆದರೂ ಸುಣ್ಣಾಂಶ ಮಜ್ಜಿಗೆಯಲ್ಲೇ ಉಳಿಯುತ್ತದೆ. ಇನ್ನು ಬಿಸಿಲು, ಚರ್ಮ ಅದರಿಂದಲೇ ಡಿ ಜೀವಸತ್ವವನ್ನು ತಯಾರಿಸಿಕೊಳ್ಳುತ್ತದೆ. ಕೊನೆಯದಾಗಿ ದುಡಿಮೆ. ಹೊರೆಗೆ ತಕ್ಕಂತೆ ಎಲುಬು ತನ್ನ ರಚನೆಯನ್ನು ಬದಲಿಸಿಕೊಳ್ಳುತ್ತದೆಂದು 1892ರಲ್ಲಿ ಜರ್ಮನಿಯ ಶಸ್ತ್ರವೈದ್ಯ ಯೂಲಿಯಸ್ ವೋಲ್ಫ್ ಬರೆದರು. ಬೀಸುಕಲ್ಲು, ಬಾವಿಯ ಕೊಡ ಇವು ಆ ಹೊರೆಯೇ ಆಗಿದ್ದವು.

ಆದರೆ ಹಿಂದಿನವರೆಲ್ಲರೂ ಗಟ್ಟಿಯಾಗಿದ್ದರೆಂಬುದೂ ನಿಜವಲ್ಲ. ನನ್ನ ತಾಯಿ ಬೀಸಿದವರು, ನೀರು ಹೊತ್ತವರು, ಜೋಳದ ರೊಟ್ಟಿಯನ್ನೇ ತಿಂದವರು. ಅರವತ್ತು ದಾಟಿದ ಮೇಲೆ ಅವರ ಬೆನ್ನು ಬಾಗುತ್ತ ಹೋಯಿತು. ಒಂದು ದಿನ ಬಚ್ಚಲಿನ ಹೊಸ್ತಿಲಲ್ಲಿ ಜಾರಿ ಸೊಂಟದ ಎಲುಬು ಮುರಿಯಿತು. ಮತ್ತೆ ನಡೆಯಲಿಲ್ಲ. ನಾವೆಲ್ಲರೂ "ವಯಸ್ಸಾಯಿತು" ಎಂದೆವು. ಮನೆಯ ಹಾಲು ಗಂಡಸರಿಗೂ ಮಕ್ಕಳಿಗೂ ಹಂಚಿಹೋಗುತ್ತಿತ್ತು. ಎಲ್ಲರ ನಂತರ ಉಣ್ಣುತ್ತಿದ್ದ ಅವರ ಪಾಲಿಗೆ ಬರುವ ಮಜ್ಜಿಗೆ ಬಹುಪಾಲು ನೀರಾಗಿರುತ್ತಿತ್ತು. ಅದನ್ನು ನಾನು ಕಂಡೂ ಕಾಣದವನಂತಿದ್ದೆ.

ಮುಟ್ಟು ನಿಂತ ನಂತರ ಈಸ್ಟ್ರೋಜನ್ ಕುಗ್ಗಿ ಎಲುಬು ಟೊಳ್ಳಾಗುವುದನ್ನು ಅಮೆರಿಕದ ಬಾಸ್ಟನ್ನಿನ ವೈದ್ಯ ಫುಲ್ಲರ್ ಆಲ್‌ಬ್ರೈಟ್ 1941ರಲ್ಲೇ ವಿವರಿಸಿದ್ದರು. ಆ ತಿಳಿವಳಿಕೆ ನಮ್ಮ ಓಣಿಗೆ ತಲುಪಲು ಅರ್ಧ ಶತಮಾನಕ್ಕೂ ಮಿಕ್ಕಿ ಹಿಡಿಯಿತು. ನಮ್ಮ ಲೆಕ್ಕಗಳೂ ನಿಧಾನವಾಗಿಯೇ ಬದಲಾದವು. ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂ ಸುಣ್ಣಾಂಶ ಸಾಕೆಂದು 1989ರಲ್ಲಿ ಹೇಳಿದ್ದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2010ರಲ್ಲಿ ಅದನ್ನು 600ಕ್ಕೂ, 2020ರಲ್ಲಿ 1000ಕ್ಕೂ ಏರಿಸಿತು. ಮುಟ್ಟು ನಿಂತ ಸ್ತ್ರೀಯರಿಗೆ 1200.

ನನ್ನ ಮೊದಲ ತಂಡಗಳ ವಿದ್ಯಾರ್ಥಿನಿಯರು ಈಗ ಆ ವಯಸ್ಸನ್ನು ತಲುಪಿದ್ದಾರೆ. ಕೆಲವರು ದೂರವಾಣಿಯಲ್ಲಿ ಬೆನ್ನುನೋವೆಂದು ಹೇಳಿ, ಮರುಕ್ಷಣವೇ ಮಕ್ಕಳ ಮಾತಿಗೆ ಹೊರಳುತ್ತಾರೆ. ಅವರಿಗೆ ನಾನು ಕೇಳುವುದು ಒಂದೇ ಪ್ರಶ್ನೆ: ನಿನ್ನ ಲೋಟದಲ್ಲಿ ಹಾಲೆಷ್ಟು, ನೀರೆಷ್ಟು?